ಒಬ್ಬರಿಗೊಬ್ಬರು ಗೊತ್ತಿರುವ ಬೀದಿ: ದೊಡ್ಡ ನಗರದಲ್ಲಿ ಇದರ ಸೆಳೆತ ಏನು?

ಎದುರುಮನೆ:
ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ತಲೆಯಲ್ಲಿರುವ ಪ್ರಶ್ನೆ ಇದು. ನಾವಿರುವುದು ದೊಡ್ಡ ನಗರದ ಹಳೇ ಬೀದಿಯಲ್ಲಿ, ಚಿಕ್ಕ ಮನೆ. ಇದೇ ಬಾಡಿಗೆಗೆ ನಗರದ ಅಂಚಿನಲ್ಲಿ ಒಂದು ರೂಮು ಜಾಸ್ತಿ ಇರುವ, ಗಾಳಿ ಬೆಳಕು ಚೆನ್ನಾಗಿರುವ ಮನೆ ಸಿಗುತ್ತಿದೆ. ಲೆಕ್ಕ ಹಾಕಿದರೆ ಹೋಗಲೇಬೇಕು. ಮನಸ್ಸು ಮಾತ್ರ ಒಪ್ಪುತ್ತಿಲ್ಲ. ಯಾಕೆ ಅಂತ ಹೆಂಡತಿ ಕೇಳಿದರೆ ನೆಟ್ಟಗೆ ಉತ್ತರ ಕೊಡೋಕೆ ಆಗುತ್ತಿಲ್ಲ.

"ಇಲ್ಲಿ ಜನ ಚೆನ್ನಾಗಿದ್ದಾರೆ" ಅನ್ನುತ್ತೇನೆ. ಆದರೆ ನಿಜ ಹೇಳಬೇಕೆಂದರೆ ಈ ಬೀದಿಯಲ್ಲಿ ನನಗೆ ಗೆಳೆಯರು ಅನ್ನುವಂಥವರು ಯಾರೂ ಇಲ್ಲ. ಅವರೆಲ್ಲ ನಗರದ ಬೇರೆ ಬೇರೆ ಮೂಲೆಗಳಲ್ಲಿದ್ದಾರೆ. ಇಲ್ಲಿರುವುದೆಲ್ಲ ಮುಖಪರಿಚಯ. ಮೊನ್ನೆ ಕಾಲು ಉಳುಕಿಸಿಕೊಂಡು ಕುಂಟುತ್ತಾ ಬಂದೆ. ಮೂಲೆಯಿಂದ ಮನೆ ಬಾಗಿಲು ತಲುಪುವಷ್ಟರಲ್ಲಿ ಏನಾಯಿತು, ಎಲ್ಲಿ ಬಿದ್ದಿರಿ ಅಂತ ಸುಮಾರು ಜನ ಕೇಳಿದರು. ಕೇಳಿದವರಲ್ಲಿ ಅರ್ಧ ಜನರ ಹೆಸರೂ ನನಗೆ ಗೊತ್ತಿಲ್ಲ. ಆಫೀಸಿನಲ್ಲಿ ಇಡೀ ದಿನ ಕುಂಟಿದ್ದೆ, ಅಲ್ಲಿ ಒಬ್ಬರೂ ಗಮನಿಸಿರಲಿಲ್ಲ.

ಇಂಥ ಬೀದಿಗಳಲ್ಲಿ ಇದ್ದವರು, ಇದ್ದು ಬಿಟ್ಟು ಹೋದವರು ಹೇಳಿ. ಹೆಸರೂ ಗೊತ್ತಿಲ್ಲದ ಜನರಿಗಾಗಿ ಒಂದು ರೂಮು ಬಿಟ್ಟುಕೊಡುವುದು ಸುಮ್ನೆ ಭಾವುಕತೆಯಾ?

ನಿಧಾನಿ:
ಭಾವುಕತೆ ಅಲ್ಲ. ಹೆಸರು ಗೊತ್ತಿಲ್ಲದವರು ಕೇಳಿದರು ಅಂದಿರಲ್ಲ, ವಿಷಯ ಇರುವುದೇ ಅಲ್ಲಿ.

ಜೇನ್ ಜೇಕಬ್ಸ್ ಅಂತ ಒಬ್ಬರಿದ್ದರು. ನ್ಯೂಯಾರ್ಕಿನ ಗ್ರೀನಿಚ್ ವಿಲೇಜ್‌ನಲ್ಲಿ, ಹಡ್ಸನ್ ಬೀದಿಯಲ್ಲಿ ಮನೆ. ನಗರ ಯೋಜನೆಯಲ್ಲಿ ಡಿಗ್ರಿ ಇರಲಿಲ್ಲ, ಪತ್ರಿಕೆಯಲ್ಲಿ ಕೆಲಸ ಮಾಡುತ್ತಿದ್ದರು. 1961ರಲ್ಲಿ ಅವರು ಬರೆದ ಪುಸ್ತಕವನ್ನು ಯೋಜನೆ ಕಲಿಯುವವರು ಇವತ್ತಿಗೂ ಓದುತ್ತಾರೆ. ಅದರಲ್ಲಿ ಬೀಗದ ಕೈಯ ವಿಷಯ ಬರುತ್ತದೆ. ಅವರ ಬೀದಿಯ ಜನ ಮನೆಯ ಕೀಯನ್ನು ಮೂಲೆ ಅಂಗಡಿಯವನ ಹತ್ತಿರ ಬಿಟ್ಟು ಹೋಗುತ್ತಿದ್ದರು. ಯಾರೋ ನೆಂಟರು ಬರುತ್ತಾರೆ, ತಾವು ಇರುವುದಿಲ್ಲ, ಅಂಗಡಿಯಲ್ಲಿ ಕೀ ಇಸ್ಕೊಳ್ಳಿ ಅಂತ ಹೇಳಿ ಹೋಗುವುದು. ಅಂಗಡಿಯವನೇ ಯಾಕೆ? ಅವನು ಜವಾಬ್ದಾರಿಯ ಮನುಷ್ಯ, ಜೊತೆಗೆ ಯಾರ ಮನೆಗೆ ಯಾರು ಬಂದರು, ಯಾಕೆ ಬಂದರು ಅಂತ ತಲೆ ಹಾಕುವುದಿಲ್ಲ. ಈ ಎರಡೂ ಒಟ್ಟಿಗೆ ಬೇಕು. ಒಂದು ಇದ್ದು ಇನ್ನೊಂದು ಇಲ್ಲದಿದ್ದರೆ ಯಾರೂ ಕೀ ಕೊಡುವುದಿಲ್ಲ.

ನಮ್ಮ ಕಟ್ಟಡದಲ್ಲೂ ಹೀಗೊಬ್ಬರು ಹಿರಿಯರಿದ್ದಾರೆ, ನೆಲಮಹಡಿಯವರು. ಅವರ ಬಾಗಿಲ ಹಿಂದೆ ಸಾಲಾಗಿ ಮೊಳೆ ಹೊಡೆದಿದ್ದಾರೆ. ಒಂದೊಂದರಲ್ಲೂ ಒಂದೊಂದು ಮನೆಯ ಕೀ. ಯಾವ ಕೀಗೂ ಹೆಸರಿನ ಚೀಟಿ ಇಲ್ಲ. ಒಂದಕ್ಕೆ ಕೆಂಪು ದಾರ, ಒಂದಕ್ಕೆ ಹಳೇ ಶರ್ಟಿನ ಗುಂಡಿ, ಇನ್ನೊಂದಕ್ಕೆ ಸೇಫ್ಟಿ ಪಿನ್. ಕಳ್ಳ ಬಂದರೂ ಯಾವುದು ಯಾರದು ಅಂತ ತಿಳಿಯಬಾರದು ಅಂತ ಈ ಏರ್ಪಾಡು. ನಾನು ಕೀ ಕೊಡಲು ಹೋದರೆ ಕೈ ಚಾಚುತ್ತಾರೆ, ಮೊಳೆಗೆ ಹಾಕುತ್ತಾರೆ, ಅಷ್ಟೇ. ಎಲ್ಲಿಗೆ, ಎಷ್ಟು ದಿನ ಅಂತ ಒಂದು ಮಾತೂ ಕೇಳುವುದಿಲ್ಲ. ನನ್ನ ಜೀವದ ಗೆಳೆಯನಿಗೆ ಕೀ ಕೊಟ್ಟರೆ ಪೂರ್ತಿ ಪ್ರವಾಸದ ವಿವರ ಒಪ್ಪಿಸಬೇಕಾಗುತ್ತದೆ!

ನೀವು ಹೋದ ಕಡೆ ಗೆಳೆಯರು ಸಿಗಬಹುದು, ನೀವೇ ಹುಡುಕಿಕೊಳ್ಳುತ್ತೀರಿ. ಹೀಗೆ ಕೀ ಇಟ್ಟುಕೊಳ್ಳುವವರನ್ನು ಹುಡುಕಿಕೊಳ್ಳೋಕೆ ಆಗುವುದಿಲ್ಲ.

ಗಡಿಬಿಡಿ:
ಕ್ಷಮಿಸಿ, ನನಗೆ ಇದೆಲ್ಲ ಬೇಡವೇ ಬೇಡ. ಎಲ್ಲರಿಗೂ ಎಲ್ಲರೂ ಗೊತ್ತಿರುವ ಜಾಗದಲ್ಲಿ ಬೆಳೆದವನು ನಾನು. ಪರೀಕ್ಷೆಯ ಫಲಿತಾಂಶ ನನಗಿಂತ ಮುಂಚೆ ಬೀದಿಗೆ ಗೊತ್ತಾಗುತ್ತಿತ್ತು. ದೊಡ್ಡ ನಗರಕ್ಕೆ ಬಂದಿದ್ದೇ ಯಾರೂ ನನ್ನನ್ನು ಕೇಳಬಾರದು ಅಂತ. ಕುಂಟುತ್ತಾ ಬಂದರೆ ಕುಂಟುತ್ತಾ ಬರೋಕೆ ಬಿಡಿ ಸ್ವಾಮಿ.

ಗಿಯಾರ್ಗ್ ಸಿಮ್ಮೆಲ್ ಅನ್ನುವ ಜರ್ಮನ್ ಸಮಾಜಶಾಸ್ತ್ರಜ್ಞ 1903ರಲ್ಲೇ ಇದನ್ನು ಬರೆದಿದ್ದಾನೆ. ನಗರದಲ್ಲಿ ದಿನಕ್ಕೆ ಅಷ್ಟೊಂದು ಜನರನ್ನು ಎದುರಿಸುತ್ತೇವೆ, ಎಲ್ಲರಿಗೂ ಮನಸ್ಸು ಕೊಡುತ್ತಾ ಹೋದರೆ ತಲೆ ಕೆಡುತ್ತದೆ, ಅದಕ್ಕೇ ನಗರದವರು ಒಂದು ಅಂತರ ಇಟ್ಟುಕೊಳ್ಳುತ್ತಾರೆ. ಸಣ್ಣ ಊರಿನಲ್ಲಿ ಸಿಗದ ಸ್ವಾತಂತ್ರ್ಯ ಸಿಗುವುದೂ ಆ ಅಂತರದಿಂದಲೇ. ನೀವು ಕಷ್ಟಪಟ್ಟು ಬಿಟ್ಟು ಬಂದದ್ದನ್ನೇ ನಗರದೊಳಗೆ ಮತ್ತೆ ಕಟ್ಟೋಕೆ ಹೊರಟಿದ್ದೀರಿ.

ಎದುರುಮನೆ:
ಗಡಿಬಿಡಿ ಅವರೇ, ನಿಮ್ಮ ಮಾತಿಗೆ ತೂಕ ಇದೆ. ಆದರೆ ಒಂದು ವ್ಯತ್ಯಾಸ ನೋಡಿ. ಈ ಬೀದಿ ಬೇಜಾರಾದರೆ ನಾನು ಎರಡು ಬೀದಿ ದಾಟಿದರೆ ಸಾಕು, ಅಲ್ಲಿ ನಾನು ಯಾರೂ ಅಲ್ಲ. ನೀವು ಬೆಳೆದ ಜಾಗದಲ್ಲಿ ಆ ಎರಡು ಬೀದಿ ಇತ್ತಾ?

ಗಡಿಬಿಡಿ:
ಇರಲಿಲ್ಲ. ಎರಡು ಬೀದಿ ದಾಟಿದರೆ ಗದ್ದೆ. ಸರಿ, ಈ ಪಾಯಿಂಟು ನಿಮಗೆ.

ಕಾಲುದಾರಿ:
ಎಲ್ಲರೂ ಜನ ಒಳ್ಳೆಯವರಾ ಕೆಟ್ಟವರಾ ಅಂತಲೇ ಮಾತಾಡುತ್ತಿದ್ದೀರಿ. ನನಗೆ ಬೀದಿಯ ಅಳತೆಯೇ ಮುಖ್ಯ. ರಸ್ತೆ ವಿನ್ಯಾಸದ ಕೆಲಸ ನನ್ನದು, ಹಾಗಾಗಿ ಪಕ್ಷಪಾತ ಇದ್ದರೂ ಇರಬಹುದು.

1969ರಲ್ಲಿ ಡೊನಾಲ್ಡ್ ಆಪಲ್‌ಯಾರ್ಡ್ ಎಂಬ ಪ್ರಾಧ್ಯಾಪಕರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಕ್ಕಪಕ್ಕದ ಮೂರು ಬೀದಿಗಳನ್ನು ಆರಿಸಿಕೊಂಡರು. ಕಟ್ಟಡಗಳು ಹೆಚ್ಚು ಕಡಿಮೆ ಒಂದೇ ಥರ. ಒಂದರಲ್ಲಿ ದಿನಕ್ಕೆ ಸುಮಾರು 2,000 ವಾಹನ, ಇನ್ನೊಂದರಲ್ಲಿ 8,000, ಮೂರನೆಯದರಲ್ಲಿ ಹತ್ತಿರ ಹತ್ತಿರ 16,000. ಮನೆ ಮನೆಗೆ ಹೋಗಿ ಬೀದಿಯಲ್ಲಿ ನಿಮಗೆ ಗೆಳೆಯರು ಎಷ್ಟು ಜನ, ಪರಿಚಯದವರು ಎಷ್ಟು ಜನ ಅಂತ ಕೇಳಿದರು. ಕಮ್ಮಿ ವಾಹನದ ಬೀದಿಯಲ್ಲಿ ಒಬ್ಬೊಬ್ಬರಿಗೆ ಸರಾಸರಿ 3 ಗೆಳೆಯರು, 6.3 ಪರಿಚಯದವರು. ಜಾಸ್ತಿ ವಾಹನದ ಬೀದಿಯಲ್ಲಿ ಗೆಳೆಯರು 0.9, ಪರಿಚಯದವರು 3.1.

ನನಗೆ ಅಂಕಿಗಳಿಗಿಂತ ಇಷ್ಟವಾಗಿದ್ದು ಅವರು ಬರೆಸಿದ ನಕ್ಷೆಗಳು. "ನಿಮ್ಮ ಮನೆಯ ಜಾಗ ಎಲ್ಲಿಂದ ಎಲ್ಲಿಯವರೆಗೆ, ಗೆರೆ ಹಾಕಿ ತೋರಿಸಿ" ಅನ್ನುವಂಥ ಪ್ರಶ್ನೆ. ವಾಹನ ಕಮ್ಮಿ ಇದ್ದ ಕಡೆ ಜನ ಇಡೀ ಬೀದಿಯನ್ನೇ ಸುತ್ತುಹಾಕಿ ತೋರಿಸಿದರು. ವಾಹನ ಜಾಸ್ತಿ ಇದ್ದ ಕಡೆ ಗೆರೆ ಕಟ್ಟಡದ ಹೊರಗೆ ಬರಲೇ ಇಲ್ಲ, ಕೆಲವರದು ಫ್ಲ್ಯಾಟಿನ ಬಾಗಿಲಿಗೇ ನಿಂತಿತು. ಸದ್ದಿಗೆ ಹೆದರಿ ಬೀದಿ ಕಡೆಯ ರೂಮು ಬಿಟ್ಟು ಹಿಂದಿನ ರೂಮಿನಲ್ಲಿ ಬದುಕುತ್ತಿದ್ದವರೂ ಇದ್ದರು.

ಒಂದು ಆಕ್ಷೇಪಣೆ ಇದೆ, ನಾನೇ ಹೇಳಿಬಿಡುತ್ತೇನೆ. ಜಾಸ್ತಿ ವಾಹನದ ಬೀದಿಯಲ್ಲಿ ಮಕ್ಕಳಿರುವ ಸಂಸಾರ ಕಮ್ಮಿ ಇತ್ತು, ಬಾಡಿಗೆಯವರೇ ಜಾಸ್ತಿ ಇದ್ದರು. ಆದ್ದರಿಂದ ಎಲ್ಲ ತಪ್ಪನ್ನೂ ಕಾರಿನ ಮೇಲೆ ಹೊರಿಸುವ ಹಾಗಿಲ್ಲ. ಆದರೆ ಸಂಸಾರಗಳು ಆ ಬೀದಿ ಬಿಟ್ಟು ಯಾಕೆ ಹೋದವು ಅಂತ ಕೇಳಿದರೆ ಮತ್ತೆ ವಾಹನಕ್ಕೇ ಬಂದು ನಿಲ್ಲುತ್ತೇವೆ, ಅಲ್ವಾ? ಆಪಲ್‌ಯಾರ್ಡ್ 1982ರಲ್ಲಿ ಅಥೆನ್ಸ್‌ನಲ್ಲಿ ತೀರಿಕೊಂಡರು. ವೇಗವಾಗಿ ಬಂದ ಕಾರು ಹೊಡೆದು.

ಇನ್ನೊಂದು, ಮೆಟ್ಟಿಲು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಮದುವೆಯಾದ ವಿದ್ಯಾರ್ಥಿಗಳಿಗೆ ಅಂತ ಕಟ್ಟಿದ ಮನೆಗಳಿದ್ದವು. ಯಾರಿಗೆ ಯಾವ ಮನೆ ಅನ್ನುವುದು ಅವರವರ ಆಯ್ಕೆಯಲ್ಲ. ಮನಃಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ ಮತ್ತು ಜೊತೆಗಾರರು ಅಲ್ಲಿ ಯಾರು ಯಾರಿಗೆ ಗೆಳೆಯರಾದರು ಅಂತ ನೋಡಿ 1950ರಲ್ಲಿ ಪ್ರಕಟಿಸಿದರು. ಪಕ್ಕದ ಬಾಗಿಲಿನವರು ಆಪ್ತರಾದದ್ದು 41 ಶೇಕಡಾ ಸಂದರ್ಭಗಳಲ್ಲಿ. ಎರಡು ಬಾಗಿಲು ಆಚೆ ಇದ್ದರೆ 22. ಪಡಸಾಲೆಯ ಆ ತುದಿ ಈ ತುದಿ ಆದರೆ 10. ದೂರ ಅಂದರೆ ಕೆಲವು ಹೆಜ್ಜೆ ಅಷ್ಟೇ! ಮೆಟ್ಟಿಲ ಬುಡದ ಮನೆಯಲ್ಲಿ ಇದ್ದವರಿಗೆ ಮೇಲಿನ ಮಹಡಿಯ ಸ್ನೇಹವೂ ಜಾಸ್ತಿ, ಯಾಕೆಂದರೆ ಎಲ್ಲರೂ ಅವರ ಬಾಗಿಲ ಮುಂದೆಯೇ ಹತ್ತಿ ಇಳಿಯಬೇಕು. ಅವರು ಹೆಚ್ಚು ಮಾತುಗಾರರು ಅಂತೇನಲ್ಲ. ಮನೆ ಹಂಚಿದ ಗುಮಾಸ್ತ ಅವರ ಸ್ನೇಹವನ್ನೂ ಹಂಚಿಬಿಟ್ಟಿದ್ದ.

ಎದುರುಮನೆ ಅವರು ನೋಡಿರುವ ಹೊಸ ಮನೆಗೆ ಲಿಫ್ಟು ನೇರ ಪಾರ್ಕಿಂಗಿನಿಂದ ಮನೆ ಬಾಗಿಲಿಗೆ ಹೋಗುತ್ತದಾ? ಹಾಗಿದ್ದರೆ ಅಲ್ಲಿ ದೇವತೆಗಳೇ ನೆರೆಯವರಾದರೂ ನಿಮಗೆ ಗೊತ್ತಾಗುವುದಿಲ್ಲ.

ಎದುರುಮನೆ:
ಹೌದು, ನೇರ ಹೋಗುತ್ತದೆ. ಅದನ್ನು ದೊಡ್ಡ ಅನುಕೂಲ ಅಂತ ಮನೆ ತೋರಿಸಿದವರು ಎರಡು ಸಲ ಹೇಳಿದರು.

ಮಾಳಿಗೆ:
ಆಸ್ಪತ್ರೆಯಲ್ಲಿ ನರ್ಸ್ ಆಗಿರುವವಳು ನಾನು, ಒಬ್ಬಳೇ ಇದ್ದೇನೆ. ಒಂಟಿಯಾಗಿ ಇರುವವರ ಕಡೆಯಿಂದ ಒಂದು ಮಾತು.

1995ರ ಜುಲೈನಲ್ಲಿ ಶಿಕಾಗೋದಲ್ಲಿ ಭಯಂಕರ ಸೆಕೆ ಬಂತು. 13ನೇ ತಾರೀಖು 41 ಡಿಗ್ರಿ ಸೆಲ್ಸಿಯಸ್. ಆ ವಾರ ಮಾಮೂಲಿಗಿಂತ 739 ಜನ ಹೆಚ್ಚು ಸತ್ತರು. ತುಂಬಾ ಜನ ವಯಸ್ಸಾದವರು, ಒಬ್ಬೊಬ್ಬರೇ ಇದ್ದವರು, ಕಿಟಕಿ ಬಾಗಿಲು ಹಾಕಿಕೊಂಡು ಒಳಗೇ ಸತ್ತವರು. ಎರಿಕ್ ಕ್ಲೈನೆನ್‌ಬರ್ಗ್ ಎಂಬ ಸಮಾಜಶಾಸ್ತ್ರಜ್ಞರು ಆಮೇಲೆ ಪಕ್ಕಪಕ್ಕದ ಎರಡು ಬಡಾವಣೆಗಳನ್ನು ಹೋಲಿಸಿದರು. ನಾರ್ತ್ ಲಾನ್‌ಡೇಲ್ ಮತ್ತು ಸೌತ್ ಲಾನ್‌ಡೇಲ್. ಎರಡರಲ್ಲೂ ಬಡತನ ಇತ್ತು, ಒಂಟಿ ವೃದ್ಧರೂ ಇದ್ದರು. ಮೊದಲನೆಯದರಲ್ಲಿ ಲಕ್ಷಕ್ಕೆ 40 ಸಾವು. ಎರಡನೆಯದರಲ್ಲಿ ಲಕ್ಷಕ್ಕೆ 4.

ಹತ್ತು ಪಟ್ಟು ವ್ಯತ್ಯಾಸ ಯಾಕೆ ಬಂತು? ಸೌತ್ ಲಾನ್‌ಡೇಲ್ ಬೀದಿಯಲ್ಲಿ ಅಂಗಡಿ ಇತ್ತು, ಜನ ಓಡಾಡುತ್ತಿದ್ದರು. ಮುದುಕರೂ ಹೊರಗೆ ಬಂದು ತಂಪಾದ ಅಂಗಡಿಯೊಳಗೆ ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು. ಬರದಿದ್ದರೆ ಯಾರಿಗಾದರೂ ಗೊತ್ತಾಗುತ್ತಿತ್ತು. ನಾರ್ತ್ ಲಾನ್‌ಡೇಲ್‌ನಲ್ಲಿ ಕಾರ್ಖಾನೆ ಮುಚ್ಚಿ, ಅಂಗಡಿ ಮುಚ್ಚಿ, ಜನ ಬಿಟ್ಟು ಹೋಗಿ ಖಾಲಿ ನಿವೇಶನಗಳು ಉಳಿದಿದ್ದವು. ಹೊರಗೆ ಬರೋಕೆ ಮುದುಕರಿಗೆ ಭಯ. ಅಲ್ಲಿನ ಜನ ಕಲ್ಲು ಮನಸ್ಸಿನವರು ಅಂತ ಹೇಳಿದರೆ ಅನ್ಯಾಯವಾಗುತ್ತದೆ. ಅವರ ಬೀದಿ ಸತ್ತಿತ್ತು.

ನಾನು ರಾತ್ರಿ ಪಾಳಿ ಮುಗಿಸಿ ಬೆಳಗ್ಗೆ ಬಂದು ಮಲಗುತ್ತೇನೆ. ಮಧ್ಯಾಹ್ನ ಎದ್ದ ಮೇಲೆ ಬೀದಿ ಕಡೆಯ ಕಿಟಕಿ ಪರದೆ ಸರಿಸುತ್ತೇನೆ. ಒಂದು ದಿನ ಜ್ವರ ಬಂದು ಸಂಜೆಯವರೆಗೂ ಏಳಲಿಲ್ಲ. ಎದುರಿನ ಮನೆಯ ಹುಡುಗಿ ಬಂದು ಬಾಗಿಲು ತಟ್ಟಿದಳು. "ಪರದೆ ಸರಿದಿಲ್ಲ ಅಂತ ಅಜ್ಜಿ ಕಳಿಸಿದರು" ಅಂದಳು. ಆ ಅಜ್ಜಿ ನನ್ನ ಪರದೆ ಗಮನಿಸುತ್ತಾರೆ ಅಂತಲೇ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಗಡಿಬಿಡಿ ಅವರಿಗೆ ಇದು ಬೇಹುಗಾರಿಕೆ ಅನ್ನಿಸಬಹುದು. ನನಗೆ ಇದೇ ಬೇಕು.

ಗಡಿಬಿಡಿ:
ಬೇಹುಗಾರಿಕೆಯೇ! ಆದರೆ ಒಳ್ಳೇ ಇಲಾಖೆಯದು, ಒಪ್ಪಿದೆ.

ಆದರೂ ಒಂದು ಕೇಳುತ್ತೇನೆ. ಹತ್ತಿರ ಇದ್ದಾರೆ ಅಂದ ಮಾತ್ರಕ್ಕೆ ಸಹಾಯಕ್ಕೆ ಬರುತ್ತಾರೆ ಅಂತ ಏನು ಗ್ಯಾರಂಟಿ? 1964ರಲ್ಲಿ ನ್ಯೂಯಾರ್ಕಿನಲ್ಲಿ ಕಿಟ್ಟಿ ಜಿನೊವೀಸ್ ಎಂಬ ಯುವತಿಯನ್ನು ಮನೆ ಹತ್ತಿರವೇ ಕೊಂದಾಗ 38 ಜನ ಕಿಟಕಿಯಲ್ಲಿ ನಿಂತು ನೋಡಿದರು, ಒಬ್ಬರೂ ಪೊಲೀಸರಿಗೆ ಹೇಳಲಿಲ್ಲ. ಮನಃಶಾಸ್ತ್ರದ ಪುಸ್ತಕಗಳಲ್ಲೆಲ್ಲ ಇದೆ.

ನಿಧಾನಿ:
ಪುಸ್ತಕಗಳಲ್ಲಿ ಇದೆ, ಆದರೆ ಹಾಗೆ ನಡೆದಿಲ್ಲ. ಪತ್ರಿಕೆಯಲ್ಲಿ ಬಂದ ಆ 38ರ ಕಥೆ ಆಮೇಲೆ ನಿಲ್ಲಲಿಲ್ಲ. ಹೆಚ್ಚಿನವರು ಪೂರ್ತಿ ನೋಡಿರಲಿಲ್ಲ, ಬೆಳಗಿನ ಜಾವದ ಕತ್ತಲಲ್ಲಿ ಏನೋ ಕೂಗು ಕೇಳಿಸಿಕೊಂಡಿದ್ದರು. ಒಬ್ಬ ಕಿಟಕಿಯಿಂದ ಗದರಿದ್ದಕ್ಕೆ ಕೊಲೆಗಾರ ಒಂದು ಸಲ ಓಡಿಯೂ ಹೋಗಿದ್ದ. ಒಬ್ಬ ನೆರೆಯ ಹೆಂಗಸು ಇಳಿದು ಬಂದು, ಕೊಲೆಗಾರ ಅಲ್ಲೇ ಇದ್ದಾನೋ ಹೋದನೋ ಅಂತ ಗೊತ್ತಿಲ್ಲದೆ, ಆಕೆಯನ್ನು ತೋಳಿನಲ್ಲಿ ಹಿಡಿದುಕೊಂಡು ಕೂತಿದ್ದರು. ಆಗ ತುರ್ತು ಸಹಾಯಕ್ಕೆ ಕರೆಯುವ 911 ನಂಬರೂ ಇರಲಿಲ್ಲ, ಅದು ಶುರುವಾಗಿದ್ದು 1968ರಲ್ಲಿ. ತಮ್ಮ ಆ ವರದಿಯಲ್ಲಿ ದೋಷ ಇತ್ತು ಅಂತ ಪತ್ರಿಕೆಯೇ 2016ರಲ್ಲಿ ಒಪ್ಪಿಕೊಂಡಿತು. ನಗರದ ನೆರೆಹೊರೆಯ ಬಗ್ಗೆ ಕೆಟ್ಟ ಕಥೆ ಹೇಳಿದರೆ ಜನ ಎಷ್ಟು ಸಲೀಸಾಗಿ ನಂಬುತ್ತಾರೆ ನೋಡಿ.

ಗಡಿಬಿಡಿ:
ಇದು ಗೊತ್ತಿರಲಿಲ್ಲ. ಥ್ಯಾಂಕ್ಸ್.

ಹೊಸಬಾಡಿಗೆ:
ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಯಾರೂ ಹೇಳದ ಒಂದು ವಿಷಯ ಹೇಳಲೇಬೇಕು. ಒಗ್ಗಟ್ಟಿನ ಬೀದಿ ಒಳಗಿರುವವರಿಗೆ ಚೆಂದ. ಹೊಸಬರಿಗೆ?

ನಾನು ಮನೆ ಹುಡುಕುವಾಗ ಇಂಥದ್ದೇ ಒಂದು ಬೀದಿಗೆ ಹೋಗಿದ್ದೆ. ಮನೆ ಖಾಲಿ ಇತ್ತು, ಬೋರ್ಡು ನೇತುಹಾಕಿದ್ದರು. ಒಬ್ಬಳೇನಾ, ಯಾರ ಪೈಕಿ, ಮನೆಗೆ ಯಾರು ಯಾರು ಬರುತ್ತಾರೆ, ಕೆಲಸದಿಂದ ಎಷ್ಟು ಹೊತ್ತಿಗೆ ಬರುತ್ತೀರಿ. ಮಾಲೀಕರು ಕೇಳಿದ್ದು ಒಂದು ಸುತ್ತು. ಪಕ್ಕದ ಮನೆಯವರು ಬಂದು ನಿಂತು ಕೇಳಿದ್ದು ಇನ್ನೊಂದು ಸುತ್ತು. ಆಮೇಲೆ ಮನೆ ಬೇರೆಯವರಿಗೆ ಕೊಟ್ಟಾಯಿತು ಅಂತ ಫೋನ್ ಬಂತು. ಬೋರ್ಡು ಮಾತ್ರ ತಿಂಗಳಾದರೂ ಅಲ್ಲೇ ಇತ್ತು. ಮಾಳಿಗೆ ಅವರ ಪರದೆ ಗಮನಿಸಿದ ಅಜ್ಜಿಯಂಥವರೇ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ ಅಳೆದದ್ದು. ಒಂದೇ ಕಣ್ಣು, ಎರಡು ಕೆಲಸ.

ಈಗ ನಾನು ಯಾರೂ ಯಾರನ್ನೂ ಕೇಳದ ದೊಡ್ಡ ಕಟ್ಟಡದಲ್ಲಿದ್ದೇನೆ. ಒಂಟಿತನ ಇದೆ, ಸುಳ್ಳು ಯಾಕೆ ಹೇಳಲಿ. ಆದರೆ ಬಾಡಿಗೆ ಚೀಟಿಗೆ ಸಹಿ ಹಾಕಿದ ದಿನ ಯಾರಿಗೂ ಏನೂ ವಿವರಿಸಬೇಕಾಗಿ ಬರಲಿಲ್ಲ.

ಮಾಳಿಗೆ:
ನಿಮ್ಮ ಮಾತು ನಿಜ. ನನ್ನನ್ನೂ ಮೊದಲು ಹೀಗೇ ಅಳೆದರು. ನಾನು ನರ್ಸ್ ಅಂತ ಗೊತ್ತಾದ ಮೇಲೆ ಬೀದಿಯ ಬಿಪಿ ಎಲ್ಲ ನನ್ನ ಮನೆಗೆ ಬರತೊಡಗಿತು, ಪ್ರಶ್ನೆ ನಿಂತವು. ಉಪಯೋಗಕ್ಕೆ ಬರುವ ಕೆಲಸ ಇರದಿದ್ದರೆ ಎಷ್ಟು ದಿನ ಕೇಳುತ್ತಿದ್ದರೋ.

ಹಳೇನಕ್ಷೆ:
ಹೊಸಬಾಡಿಗೆ ಅವರ ಮಾತನ್ನು ಇನ್ನೂ ಸ್ವಲ್ಪ ಮುಂದಕ್ಕೆ ಒಯ್ಯುತ್ತೇನೆ. ತೀರಾ ಬಿಗಿಯಾದ ಬೀದಿ ಹೊಸಬರಿಗೆ ಮಾತ್ರ ಅಲ್ಲ, ತನಗೇ ಕೆಟ್ಟದ್ದು. ಇದಕ್ಕೆ ಬಾಸ್ಟನ್ನಿನ ವೆಸ್ಟ್ ಎಂಡ್ ಉದಾಹರಣೆ.

ಇಟಲಿಯಿಂದ ಬಂದವರ ಮಕ್ಕಳು ಮೊಮ್ಮಕ್ಕಳೇ ಹೆಚ್ಚಾಗಿ ಇದ್ದ ಬಡಾವಣೆ ಅದು. ಸಮಾಜಶಾಸ್ತ್ರಜ್ಞ ಹರ್ಬರ್ಟ್ ಗಾನ್ಸ್ 1957ರಲ್ಲಿ ಅಲ್ಲೇ ಮನೆ ಮಾಡಿ ಕೆಲವು ತಿಂಗಳು ಇದ್ದರು. ಹೊರಗಿನವರು ಕೊಳೆಗೇರಿ ಅಂದರು, ಗಾನ್ಸ್ ಕಂಡದ್ದು ದಿನಾ ಸಂಜೆ ಒಬ್ಬರ ಮನೆಯಲ್ಲಿ ಒಬ್ಬರು ಕೂರುವ, ಚಿಕ್ಕಂದಿನಿಂದ ಜೊತೆಗಿರುವ ಗುಂಪುಗಳನ್ನು. ಇಷ್ಟು ಒಗ್ಗಟ್ಟು ಇದ್ದರೂ 1958ರಲ್ಲಿ ನಗರಾಡಳಿತ ಬಡಾವಣೆ ಕೆಡವಲು ಶುರು ಮಾಡಿದಾಗ ಅವರಿಗೆ ತಡೆಯೋಕೆ ಆಗಲಿಲ್ಲ. ಆಮೇಲೆ ಅವರನ್ನು ಮಾತಾಡಿಸಿದ ಮನಃಶಾಸ್ತ್ರಜ್ಞ ಮಾರ್ಕ್ ಫ್ರೈಡ್, ಎಷ್ಟೋ ಜನ ಸಾವಿನ ಮನೆಯವರ ಹಾಗೆ ದುಃಖ ಪಡುತ್ತಿದ್ದರು ಅಂತ 1963ರಲ್ಲಿ ಬರೆದರು.

ಯಾಕೆ ತಡೆಯೋಕೆ ಆಗಲಿಲ್ಲ? ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಒಂದು ಉತ್ತರ ಕೊಟ್ಟರು. ಅಲ್ಲಿ ಗುಂಪಿನೊಳಗೆ ಬಿಗಿ ನಂಟು ಇತ್ತು, ಗುಂಪಿನಿಂದ ಗುಂಪಿಗೆ ಹೋಗುವ ಸಡಿಲ ನಂಟು ಇರಲಿಲ್ಲ. ಈ ಗುಂಪಿನವರು ಆ ಗುಂಪಿನ ಮುಂದಾಳನ್ನು ನಂಬಬೇಕಾದರೆ ಅವನನ್ನು ಬಲ್ಲ ಒಬ್ಬರಾದರೂ ಇಲ್ಲಿ ಬೇಕು, ಅಂಥ ಒಬ್ಬರೇ ಇರಲಿಲ್ಲ ಅಂತ. ಗಾನ್ಸ್ ಇದನ್ನು ಒಪ್ಪಲಿಲ್ಲ, ಇಬ್ಬರೂ ಸಮಾಜಶಾಸ್ತ್ರದ ಪತ್ರಿಕೆಯಲ್ಲೇ ವಾದ ಮಾಡಿದರು. ನನಗೆ ಗ್ರಾನೊವೆಟರ್ ಮಾತು ಸರಿ ಅನ್ನಿಸುತ್ತದೆ. ಹತ್ತು ಮನೆ ಜೀವಕ್ಕೆ ಜೀವ ಕೊಡುವ ಹಾಗಿದ್ದು ಹನ್ನೊಂದನೇ ಮನೆಯ ಗುರುತೇ ಇಲ್ಲದಿದ್ದರೆ ಅದು ಬೀದಿ ಅಲ್ಲ, ಅಕ್ಕಪಕ್ಕದ ಕೋಟೆಗಳು.

ಎದುರುಮನೆ ಅವರು ತಮಗೆ ಗೆಳೆಯರಿಲ್ಲ, ಬರೀ ಮುಖಪರಿಚಯ ಅಂತ ಕೊರಗಿದರಲ್ಲ. ಅವರ ಬೀದಿ ಸರಿಯಾಗಿಯೇ ಇದೆ ಅಂತ ಇದರ ಅರ್ಥ.

ಶಿಕಾಗೋದ್ದೇ ಇನ್ನೊಂದು ಅಧ್ಯಯನ ಇದಕ್ಕೆ ಸೇರುತ್ತದೆ. ರಾಬರ್ಟ್ ಸ್ಯಾಂಪ್ಸನ್ ಮತ್ತಿಬ್ಬರು 343 ನೆರೆಹೊರೆಗಳಲ್ಲಿ 8,782 ಜನರನ್ನು ಮಾತಾಡಿಸಿ 1997ರಲ್ಲಿ ಪ್ರಕಟಿಸಿದ್ದು. ಮಕ್ಕಳು ಶಾಲೆ ತಪ್ಪಿಸಿ ಮೂಲೆಯಲ್ಲಿ ನಿಂತಿದ್ದರೆ ನಿಮ್ಮ ನೆರೆಯವರು ಏನಾದರೂ ಮಾಡುತ್ತಾರಾ? ಯಾರಾದರೂ ಗೋಡೆ ಮೇಲೆ ಗೀಚುತ್ತಿದ್ದರೆ? ನೆರೆಯವರನ್ನು ನಂಬಬಹುದಾ? ಹೀಗೆ ಪ್ರಶ್ನೆಗಳು. ಹೌದು ಅನ್ನುವವರು ಜಾಸ್ತಿ ಇದ್ದ ಕಡೆ, ಬಡತನದ ಲೆಕ್ಕ ಕಳೆದ ಮೇಲೂ, ಹಿಂಸೆ ಕಮ್ಮಿ ಇತ್ತು. ಎಷ್ಟು ಜನ ಜೀವದ ಗೆಳೆಯರು ಅನ್ನುವುದಕ್ಕಿಂತ, ಬೇಕಾದಾಗ ಬಾಯಿ ತೆರೆಯುತ್ತಾರಾ ಅನ್ನುವುದು ಮುಖ್ಯ ಅಂತಾಯಿತು.

ಬಿಸಿಲುಮಚ್ಚು:
ಹಳೇನಕ್ಷೆ ಅವರ ಮಾತಿಗೆ ಒಂದು ಸೇರ್ಪಡೆ. 1995ರ ಜನವರಿ 17ರಂದು ಜಪಾನಿನ ಕೋಬೆ ನಗರದಲ್ಲಿ ಭೂಕಂಪ. ಆ ನಗರದ ನಗಾತಾ ವಾರ್ಡಿನಲ್ಲಿ ಮರದ ಮನೆಗಳು ಒತ್ತೊತ್ತಾಗಿದ್ದವು, ದೊಡ್ಡ ಬೆಂಕಿ ಹಬ್ಬಿತು. ಅದೇ ವಾರ್ಡಿನ ಮಾನೋ ಬಡಾವಣೆಯಲ್ಲಿ ನಿವಾಸಿಗಳು ಮತ್ತು ಅಲ್ಲಿನ ಕಾರ್ಖಾನೆಯ ಕೆಲಸಗಾರರು ಸೇರಿ ನೀರಿನ ಬಕೆಟ್‌ಗಳನ್ನು ಕೈಯಿಂದ ಕೈಗೆ ದಾಟಿಸಿ ಬೆಂಕಿ ತಡೆದರು. ಮಾನೋ ಜನ 1960ರ ದಶಕದಲ್ಲೇ ಕಾರ್ಖಾನೆ ಹೊಗೆಯ ವಿರುದ್ಧ ಸಂಘ ಕಟ್ಟಿದ್ದವರು. ಕಾರ್ಖಾನೆಯವರ ಜೊತೆ ಜಗಳ ಆಡಿ ಆಡಿಯೇ ಪರಿಚಯ! ಜಗಳವೂ ಒಂದು ನಂಟು ಅಂತ ನಾನು ಇಟ್ಟುಕೊಂಡಿದ್ದೇನೆ.

ಎರಡುಜಡೆ:
ಮಕ್ಕಳ ವಿಷಯ ಯಾರೂ ತೆಗೆದಿಲ್ಲ ಅಂತ ನಾನು ತೆಗೆಯುತ್ತೇನೆ. ನನ್ನ ಮಗಳಿಗೆ ಸೈಕಲ್ ಕಲಿಸಿದ್ದು ನಾನಲ್ಲ, ಕೊನೇ ಮನೆಯ ನಿವೃತ್ತ ಮೇಷ್ಟ್ರು. ಸುಳ್ಳು ಹೇಳಿದಾಗ ಗದರಿದ್ದು ಮೂರನೇ ಮನೆಯವರು. ನನಗೆ ಮೊದಲು ಸಿಟ್ಟು ಬಂತು, ನನ್ನ ಮಗುವನ್ನು ಗದರೋಕೆ ಇವರು ಯಾರು ಅಂತ. ಸಂಜೆ ಮಗಳೇ "ಅವರು ಹೇಳಿದ್ದು ಸರಿ ಅಮ್ಮ" ಅಂದಳು. ಅಪ್ಪ ಅಮ್ಮನ ಮಾತು ಕೇಳದ ವಯಸ್ಸಿನಲ್ಲಿ ಬೇರೆ ದೊಡ್ಡವರ ಮಾತು ಕೇಳುತ್ತಾರೆ. ಬೇರೆ ದೊಡ್ಡವರು ಎಲ್ಲಿ ಸಿಗುತ್ತಾರೆ? ಕೋಚಿಂಗ್ ಕ್ಲಾಸಿನಲ್ಲಂತೂ ಅಲ್ಲ.

ಗಡಿಬಿಡಿ:
ಇದೆಲ್ಲ ಸರಿ. ಆದರೆ ಇಂಥ ಬೀದಿ ಚೆನ್ನಾಗಿದೆ ಅಂತ ಸುದ್ದಿಯಾದ ಕೂಡಲೇ ಏನಾಗುತ್ತದೆ? ಜೇಕಬ್ಸ್ ಅವರ ಬಡಾವಣೆಯನ್ನೇ ನೋಡಿ. 1961ರಲ್ಲಿ ನಗರಾಡಳಿತ ಅದನ್ನು ಕೆಡವಿ ಕಟ್ಟುವ ಪಟ್ಟಿಗೆ ಸೇರಿಸಿತ್ತು. ಅವರು ಹೋರಾಡಿ ಮರುವರ್ಷ ಕೈಬಿಡಿಸಿದರು. ಬೀದಿ ಉಳಿಯಿತು. ಈಗ ನ್ಯೂಯಾರ್ಕಿನ ತೀರಾ ದುಬಾರಿ ಜಾಗಗಳಲ್ಲಿ ಅದೂ ಒಂದು. ಆಗ ಅಲ್ಲಿದ್ದ ಬಂದರಿನ ಕೂಲಿಗಳ ಮೊಮ್ಮಕ್ಕಳು ಅಲ್ಲಿ ಬಾಡಿಗೆ ಕೊಡಬಲ್ಲರಾ? ಕಟ್ಟಡ ಉಳಿಸಿಕೊಂಡರು, ಜನರನ್ನು ಉಳಿಸಿಕೊಳ್ಳೋಕೆ ಆಗಲಿಲ್ಲ.

ಹಳೇನಕ್ಷೆ:
ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಬಾಡಿಗೆ ವರ್ಷಕ್ಕೊಮ್ಮೆ ಜಿಗಿಯುವ ಕಡೆ ಯಾರೂ ಯಾರಿಗೂ ಪರಿಚಯ ಆಗುವಷ್ಟು ದಿನ ಇರುವುದಿಲ್ಲ. ಮುಖಪರಿಚಯಕ್ಕೆ ಬೇರೇನೂ ಬೇಡ, ಕಾಲ ಬೇಕು. ಅದನ್ನು ಕೊಡುವುದು ಬಾಡಿಗೆ ಕರಾರು.

ಎದುರುಮನೆ:
ಎಷ್ಟೊಂದು ಬರೆದಿದ್ದೀರಿ, ಹೆಂಡತಿಗೂ ಓದಲು ಕೊಟ್ಟೆ. ಅವಳ ಪ್ರಶ್ನೆ: ಹೊಸ ಜಾಗ ಹೇಗಿದೆ ಅಂತ ಮೊದಲೇ ತಿಳಿಯೋದು ಹೇಗೆ? ಅಲ್ಲಿಯೂ ಇದೆಲ್ಲ ಇರಬಹುದಲ್ಲ. ನಾವು ನೋಡಿದ್ದು ಒಂದು ಭಾನುವಾರ ಮಧ್ಯಾಹ್ನ.

ಕಾಲುದಾರಿ:
ಭಾನುವಾರ ಮಧ್ಯಾಹ್ನ ಎಲ್ಲ ಬೀದಿಯೂ ಮಲಗಿರುತ್ತದೆ. ವಾರದ ದಿನ ಸಂಜೆ, ಕೆಲಸ ಬಿಡುವ ಹೊತ್ತಿಗೆ ಹೋಗಿ. ಮನೆಯೊಳಗೆ ಹೋಗಬೇಡಿ, ಬೀದಿಯಲ್ಲೇ ನಿಲ್ಲಿ. ನಿಂತ ಸ್ವಲ್ಪ ಹೊತ್ತಿಗೆ ಯಾರಾದರೂ "ಯಾರು ಬೇಕಿತ್ತು?" ಅಂತ ಕೇಳುತ್ತಾರಾ ನೋಡಿ. ಕೇಳಿದ ದನಿಯನ್ನೂ ಗಮನಿಸಿ, ದಾರಿ ತೋರಿಸುವ ದನಿ ಬೇರೆ, ಓಡಿಸುವ ದನಿ ಬೇರೆ. ಹೊಸಬಾಡಿಗೆ ಅವರಿಗೆ ಆ ವ್ಯತ್ಯಾಸ ಚೆನ್ನಾಗಿ ಗೊತ್ತು.

ನೆಲಮಹಡಿಯಲ್ಲಿ ಬೀದಿಗೆ ತೆರೆಯುವ ಬಾಗಿಲು ಇದೆಯಾ, ಬರೀ ಕಾಂಪೌಂಡ್ ಗೋಡೆಯಾ? ಎಂಟು ಹತ್ತು ವರ್ಷದ ಮಕ್ಕಳು ದೊಡ್ಡವರಿಲ್ಲದೆ ಹೊರಗಿದ್ದಾರಾ? ನನಗೆ ಎಲ್ಲಕ್ಕಿಂತ ನಂಬಿಕೆ ಇರುವುದು ಈ ಗುರುತಿನ ಮೇಲೆ. ಕೂರೋಕೆ ಒಂದು ಜಗಲಿ, ಕಟ್ಟೆ, ಮೆಟ್ಟಿಲು ಏನಾದರೂ ಇದೆಯಾ? ಕಟ್ಟಡ ಎತ್ತರ ಇದ್ದರೆ ಕೆಟ್ಟದ್ದು ಅಂತೇನಿಲ್ಲ. ಸಿಂಗಾಪುರದ ಸರ್ಕಾರಿ ವಸತಿ ಕಟ್ಟಡಗಳಲ್ಲಿ ನೆಲಮಹಡಿಯನ್ನು ಗೋಡೆಯಿಲ್ಲದೆ ಖಾಲಿ ಬಿಡುತ್ತಾರೆ. ಎಲ್ಲರೂ ಅದನ್ನು ದಾಟಿಯೇ ಲಿಫ್ಟಿಗೆ ಹೋಗಬೇಕು. ಮದುವೆಯೂ ಅಲ್ಲೇ, ಸಾವಿನ ಕೂಟವೂ ಅಲ್ಲೇ. ಅಂಥದ್ದೊಂದು ಜಾಗ ನಿಮ್ಮ ಹೊಸ ಕಟ್ಟಡದಲ್ಲಿ ಇದ್ದರೆ ಪಾರ್ಕಿಂಗ್ ಲಿಫ್ಟನ್ನೂ ಕ್ಷಮಿಸಬಹುದು.

ಎರಡುಜಡೆ:
ಅಲ್ಲಿ ಎಷ್ಟು ವರ್ಷದಿಂದ ಇದ್ದೀರಿ ಅಂತಲೂ ಇಬ್ಬರು ಮೂವರನ್ನು ಕೇಳಿ. ಎಲ್ಲರೂ "ಹೋದ ವರ್ಷ ಬಂದ್ವಿ" ಅಂದರೆ ಇನ್ನೂ ಬೇಯಬೇಕು ಅಂತ ಅರ್ಥ.

ಹೊಸಬಾಡಿಗೆ:
ಕಾಲುದಾರಿ ಅವರ ದನಿಯ ಪರೀಕ್ಷೆ ಸರಿ ಇದೆ. ಆದರೆ ಗಂಡ ಹೆಂಡತಿ ಜೋಡಿಯಾಗಿ ಹೋದರೆ ಎಲ್ಲ ಕಡೆಯೂ ದಾರಿ ತೋರಿಸುವ ದನಿಯೇ ಕೇಳಿಸುತ್ತದೆ. ಹೆಂಡತಿ ಒಬ್ಬರೇ ಒಮ್ಮೆ ಹೋಗಿ ನಿಲ್ಲಲಿ. ಆಗ ಗೊತ್ತಾಗುತ್ತದೆ.

ಗಡಿಬಿಡಿ:
ಕೊನೇ ತಕರಾರು, ಆಮೇಲೆ ಬಾಯಿ ಮುಚ್ಚುತ್ತೇನೆ. ಗಲಾಟೆ! ಬೀದಿ ಜೀವಂತ ಅಂದರೆ ಸದ್ದೂ ಜೀವಂತ. ರಾತ್ರಿ ಹನ್ನೊಂದಕ್ಕೆ ಟಿವಿ, ಬೆಳಗ್ಗೆ ಐದಕ್ಕೆ ಬಕೆಟ್. ಇದಕ್ಕೆ ಏನು ಹೇಳುತ್ತೀರಿ?

ನಿಧಾನಿ:
ನಮ್ಮ ಮೇಲಿನ ಮನೆಯಲ್ಲಿ ಹಾರ್ಮೋನಿಯಂ ಕಲಿಯುವ ಹುಡುಗನಿದ್ದಾನೆ. ಅದೇ ನಾಲ್ಕು ಸ್ವರ, ಅದೇ ತಪ್ಪು. ಆದರೆ ಅವನ ಹೆಸರು ಗೊತ್ತು, ಪರೀಕ್ಷೆ ಯಾವಾಗ ಅಂತಲೂ ಗೊತ್ತು. ಹಾಗಾಗಿ ಸಹಿಸಿಕೊಳ್ಳಬಹುದು. ಸಹಿಸೋಕೆ ಆಗದ ದಿನ ಮೇಲೆ ಹೋಗಿ "ಇವತ್ತು ತಲೆನೋವು ಮಾರಾಯ, ಒಂದು ಗಂಟೆ ಬಿಟ್ಟು ಬಾರಿಸು" ಅನ್ನುತ್ತೇನೆ. ನಿಲ್ಲಿಸುತ್ತಾನೆ. ಗುರುತಿಲ್ಲದವರ ಮನೆಯ ಸದ್ದಾದರೆ ಮೊದಲ ಮಾತೇ ದೂರಾಗಿರುತ್ತದೆ, ಅದೂ ಸಂಘದ ಕಾರ್ಯದರ್ಶಿಯ ಮೂಲಕ. ಸದ್ದಂತೂ ಇದ್ದೇ ಇರುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ನಿದ್ದೆ ತೆಳು ಇರುವವರು ಬೀದಿ ಕಡೆಯ ರೂಮನ್ನು ಮಲಗೋಕೆ ಇಟ್ಟುಕೊಳ್ಳಬೇಡಿ.